ಔಷಧಿಮೂಲಿಕೆ, ಬಿಳಿಯ ರಕ್ತಕಣ ಮತ್ತು ಅರ್ಬುದರೋಗ: ಪ್ರಮಾಣಗಳ ವಿಮರ್ಶೆ

ನಮ್ಮ ಮೂಲಿಕೆಗಳು ದೇಹದ ರೋಗನಿರೋಧಕ ಕೋಶಗಳನ್ನು ಬಲಪಡಿಸುತ್ತವೆ, ಬಲಗೊಂಡ ಆ ಕೋಶಗಳು ಅರ್ಬುದರೋಗವನ್ನು, ಎಂದರೆ ಕ್ಯಾನ್ಸರನ್ನು, ಹಿಮ್ಮೆಟ್ಟಿಸುತ್ತವೆ ಎಂಬ ಅಭಿಪ್ರಾಯವು ಈಚಿನ ವರ್ಷಗಳಲ್ಲಿ ಕಿರುಹೊತ್ತಗೆಗಳಲ್ಲಿಯೂ ಪತ್ರಿಕಾ ಲೇಖನಗಳಲ್ಲಿಯೂ ಪದೇ ಪದೇ ಕಾಣಬರುತ್ತಿದೆ. ಇಂತಹ ಬರೆಹಗಳ ಕ್ರಮ ಬಹುಮಟ್ಟಿಗೆ ಒಂದೇ. ಮೊದಲು ಚರಕ ಸುಶ್ರುತರ ನಾಮಸ್ಮರಣೆ. ಬಳಿಕ ಪ್ರಯೋಗಶಾಲೆಯ ಇಲಿ. ಕಟ್ಟಕಡೆಗೆ ರೋಗಿಗೆ ಉಪದೇಶ. ಈ ಮೂರರ ನಡುವಣ ಅಂತರವು ಓದುಗನ ಕಣ್ಣಿಗೆ ಬೀಳದಂತೆ ವಾಕ್ಯಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಆ ಅಂಟನ್ನು ಬಿಡಿಸಿ ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಇತಿಹಾಸದ ಅಧ್ಯಾಪಕರು ವೈದ್ಯವಿಷಯಕ್ಕೆ ಕೈಹಾಕುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಚಿಕಿತ್ಸೆಯ ವಿಚಾರದಲ್ಲಿ ನಮಗೆ ಯಾವ ಅಧಿಕಾರವೂ ಇಲ್ಲವೆಂಬುದನ್ನು ಒಪ್ಪಿಕೊಂಡೇ ಮುಂದುವರಿಯುತ್ತೇವೆ. ಆದರೆ ಕಳೆದ ವರ್ಷ ಆಕರವಿಮರ್ಶೆಯ ಪಾಠ ಮುಗಿದ ಮೇಲೆ ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿಯೊಬ್ಬನು ಇಂತಹದೊಂದು ಕಿರುಹೊತ್ತಗೆಯನ್ನು ನಮ್ಮ ಮುಂದಿಟ್ಟು, "ಸಾರ್, ಇದರಲ್ಲಿ ಹೇಳಿರುವುದನ್ನು ಆಕರವೆಂದು ಹಿಡಿಯಬಹುದೆ?" ಎಂದು ಕೇಳಿದನು. ಪರೀಕ್ಷೆಗಾಗಿ ಕೇಳಿದ ಪ್ರಶ್ನೆ ಅದಲ್ಲ. ಆತನ ತಾಯಿಗೆ ಸ್ತನದ ಅರ್ಬುದವಾಗಿ ಶಸ್ತ್ರಚಿಕಿತ್ಸೆ ನಡೆದಿತ್ತು. ಮುಂದಿನ ಔಷಧೋಪಚಾರವನ್ನು ನಿಲ್ಲಿಸಿ ಅಮೃತಬಳ್ಳಿಯ ಕಷಾಯವೊಂದನ್ನೇ ನಂಬಬೇಕೆಂದು ಮನೆಯ ಹಿರಿಯರು ಪಟ್ಟುಹಿಡಿದಿದ್ದರು. ಶಾಸನದ ಕಾಲವನ್ನು ನಿರ್ಣಯಿಸುವಾಗ ನಾವು ಅನುಸರಿಸುವ ವಿಧಾನವನ್ನೇ ಆ ಪುಸ್ತಿಕೆಗೂ ಅನ್ವಯಿಸುವುದು ನಮಗೆ ಸಾಧ್ಯವಿದ್ದ ಸಹಾಯ.

ಮೊದಲು ಶಬ್ದಗಳನ್ನು ತೆಗೆದುಕೊಳ್ಳೋಣ. ಸುಶ್ರುತಸಂಹಿತೆಯ ನಿದಾನಸ್ಥಾನದ ಹನ್ನೊಂದನೆಯ ಅಧ್ಯಾಯದಲ್ಲಿ ಗ್ರಂಥಿ, ಅಪಚಿ, ಗಲಗಂಡಗಳೊಡನೆ ಅರ್ಬುದದ ವರ್ಣನೆಯಿದೆ. ದುಂಡಾದ, ಕದಲದ, ಆಳವಾಗಿ ಬೇರೂರಿದ, ನಿಧಾನವಾಗಿ ಬೆಳೆಯುವ, ಕೀವುಗಟ್ಟದ ಮಾಂಸದ ಊತ ಅದು. ಅರ್ಬುದದ ಮೇಲೆಯೇ ಮತ್ತೊಂದು ಹುಟ್ಟುವುದನ್ನೂ ಜೋಡಿಯಾಗಿ ಹುಟ್ಟುವುದನ್ನೂ ಪ್ರತ್ಯೇಕವಾಗಿ ಹೆಸರಿಸಲಾಗಿದೆ. ರಕ್ತಾರ್ಬುದ, ಮಾಂಸಾರ್ಬುದಗಳು ಅಸಾಧ್ಯವೆಂದೂ ಹೇಳಿದೆ. ವೀಕ್ಷಣೆಯ ಸೂಕ್ಷ್ಮತೆಗೆ ತಲೆದೂಗಲೇಬೇಕು. ಆದರೆ ಈ ವರ್ಣನೆಗೆ ಹೊಂದುವ ಊತಗಳಲ್ಲಿ ಪ್ರಾಣಕ್ಕೆ ಅಪಾಯವಿಲ್ಲದ ಕೊಬ್ಬಿನ ಗಂಟುಗಳೂ ಇವೆ, ಇಂದು ನಾವು ಕ್ಯಾನ್ಸರೆನ್ನುವವೂ ಇವೆ. ಕೋಶವೆಂಬ ಕಲ್ಪನೆಯೂ ಸೂಕ್ಷ್ಮದರ್ಶಕವೂ ಇಲ್ಲದ ಕಾಲದಲ್ಲಿ ಇವೆರಡನ್ನು ಬೇರ್ಪಡಿಸುವ ಉಪಾಯವಿರಲಿಲ್ಲ. ಆಧುನಿಕ ಕನ್ನಡದ ವೈದ್ಯಬರೆಹಗಾರರಿಗೆ ಇಂಗ್ಲಿಷಿನ ಶಬ್ದಕ್ಕೆ ಸಂವಾದಿಯೊಂದು ಬೇಕಾಯಿತು. ಏಡಿ ಎಂಬ ಗ್ರೀಕ್ ಮೂಲಾರ್ಥವನ್ನು ಹಿಡಿದು 'ಏಡಿಗಂತಿ' ಎಂದವರುಂಟು. ಸಂಸ್ಕೃತದ ಬೊಕ್ಕಸದಿಂದ 'ಅರ್ಬುದ'ವನ್ನು ತೆಗೆದವರುಂಟು. ಎರಡನೆಯದು ಹೆಚ್ಚು ಬಳಕೆಗೆ ಬಂದಿತು. ಹೀಗೆ ನಾವೇ ಎರವಲು ತಂದ ಹೆಸರನ್ನು ಮರೆತು, ಅದೇ ಹೆಸರು ಸುಶ್ರುತನಲ್ಲಿ ಕಂಡೊಡನೆ "ಕ್ಯಾನ್ಸರಿನ ಉಲ್ಲೇಖ ಇಲ್ಲಿಯೇ ಇದೆ" ಎಂದು ಹಿಗ್ಗುವುದು ಎಂತಹ ವಾದ? ತಾನು ಇಟ್ಟ ನಾಣ್ಯವನ್ನು ತಾನೇ ಅಗೆದು ತೆಗೆದು ನಿಧಿ ದೊರೆಯಿತೆಂದಂತೆ.

'ರೋಗನಿರೋಧಕ ಶಕ್ತಿ'ಯ ಕಥೆಯೂ ಇದೇ ಬಗೆಯದು. ಇಂಗ್ಲಿಷಿನ 'ಇಮ್ಯುನಿಟಿ' ಮೂಲತಃ ವೈದ್ಯಶಬ್ದವೇ ಅಲ್ಲ. ರೋಮನ್ ಆಡಳಿತದಲ್ಲಿ ತೆರಿಗೆಯಿಂದಲೂ ಸಾರ್ವಜನಿಕ ಸೇವೆಯಿಂದಲೂ ದೊರೆಯುವ ವಿನಾಯಿತಿಗೆ ಆ ಹೆಸರು. ನಮ್ಮ ಶಾಸನಗಳ 'ಸರ್ವಮಾನ್ಯ', 'ಸರ್ವಬಾಧಾಪರಿಹಾರ'ಗಳನ್ನು ಬಲ್ಲವರಿಗೆ ಇದರ ಸ್ವಾರಸ್ಯ ಒಡನೆಯೇ ಹೊಳೆಯುವುದು. ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೆಂಟನೆಯ ಅಧ್ಯಾಯದಲ್ಲಿ 'ವ್ಯಾಧಿಕ್ಷಮತ್ವ'ವೆಂಬ ಮಾತು ಬರುತ್ತದೆ. ಎಲ್ಲ ಶರೀರಗಳಿಗೂ ವ್ಯಾಧಿಯನ್ನು ತಾಳುವ ಸಾಮರ್ಥ್ಯ ಸಮಾನವಾಗಿರುವುದಿಲ್ಲವೆಂಬುದು ಅಲ್ಲಿಯ ತಾತ್ಪರ್ಯ. ಹನ್ನೊಂದನೆಯ ಶತಮಾನದ ಟೀಕಾಕಾರ ಚಕ್ರಪಾಣಿದತ್ತನು ಅದನ್ನು ಬಿಡಿಸುತ್ತ, ಬಂದ ವ್ಯಾಧಿಯ ಬಲವನ್ನು ಎದುರಿಸುವುದು, ವ್ಯಾಧಿ ಹುಟ್ಟದಂತೆ ತಡೆಯುವುದು ಎಂದು ಎರಡು ಅಂಶಗಳನ್ನು ಹೇಳಿದನು. ಇದು ಒಳ್ಳೆಯ ಚಿಂತನೆ. ಆದರೆ ಇಲ್ಲಿ ಕೋಶಗಳ ಮಾತಿಲ್ಲ. ಕೋಶವು ಪರವಸ್ತುವನ್ನು ನುಂಗಿ ದೇಹವನ್ನು ರಕ್ಷಿಸುವುದೆಂಬ ಸಿದ್ಧಾಂತ ಮೂಡಿದುದು ೧೮೮೨ರಲ್ಲಿ ಮೆಸ್ಸೀನಾದ ಕಡಲತೀರದಲ್ಲಿ, ನಕ್ಷತ್ರಮೀನಿನ ಮರಿಗಳಿಗೆ ಮುಳ್ಳು ಚುಚ್ಚಿ ನೋಡಿದ ಮೆಚ್ನಿಕಾಫರಿಂದ. ಥೈಮಸ್ ಗ್ರಂಥಿಯ ಕಾರ್ಯವನ್ನು ಜಾಕ್ ಮಿಲ್ಲರ್ ತೋರಿಸಿದುದು ೧೯೬೧ರಲ್ಲಿ. 'ಸಹಜ ಮಾರಕ'ವೆಂಬ ಹೆಸರಿನ ಬಿಳಿಯ ಕಣಗಳನ್ನು ಗುರುತಿಸಿದುದು ೧೯೭೫ರ ಸುಮಾರಿಗೆ. ಇವನ್ನೆಲ್ಲ ಚರಕನ ಬಾಯಲ್ಲಿ ಹಾಕುವವರು ಚರಕನನ್ನು ಗೌರವಿಸುತ್ತಿಲ್ಲ. ಅವನು ನಿಜವಾಗಿ ಏನು ಹೇಳಿದನೆಂಬುದನ್ನು ಓದುವ ಶ್ರಮವನ್ನು ತಪ್ಪಿಸಿಕೊಳ್ಳುತ್ತಿದ್ದಾರೆ. ಅಮೃತಬಳ್ಳಿಯ ಉದಾಹರಣೆಯನ್ನೇ ನೋಡಬಹುದು. ಚಿಕಿತ್ಸಾಸ್ಥಾನದ ರಸಾಯನಾಧ್ಯಾಯದಲ್ಲಿ ಅದರ ರಸವನ್ನು ಹೇಳಿರುವುದು ಮಂಡೂಕಪರ್ಣಿ, ಯಷ್ಟಿಮಧು, ಶಂಖಪುಷ್ಪಿಗಳ ಜೊತೆಗೆ, ಮೇಧ್ಯರಸಾಯನವಾಗಿ, ಎಂದರೆ ಬುದ್ಧಿವರ್ಧಕವಾಗಿ. ಜ್ವರ, ಕಾಮಾಲೆ, ವಾತರಕ್ತಗಳಲ್ಲಿ ಅದರ ಪ್ರಯೋಗ ಪ್ರಸಿದ್ಧ. ಅರ್ಬುದವನ್ನು ಅದು ಕರಗಿಸುವುದೆಂಬ ಮಾತು ಆ ಅಧ್ಯಾಯದಲ್ಲಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಮೂಲಿಕೆಗಳಿಂದ ಅರ್ಬುದಕ್ಕೆ ಔಷಧ ದೊರೆತಿಲ್ಲವೆಂದಾಗಲಿಲ್ಲ. ದೊರೆತಿದೆ. ಅದು ದೊರೆತ ಬಗೆಯು ಮಾತ್ರ ನಮ್ಮ ಪುಸ್ತಿಕಾಕಾರರು ಹೇಳುವುದಕ್ಕೆ ನೇರವಾಗಿ ವಿರುದ್ಧವಾದುದು. ಈ ಒಂದು ಪ್ರಸಂಗವನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಅಗತ್ಯ.

ನಿತ್ಯಪುಷ್ಪ, ಅಥವಾ ಕೆಲವರು ಕಾಶಿಕಣಗಿಲೆಯೆಂದು ಕರೆಯುವ ಗಿಡ, ನಮ್ಮ ಹಿತ್ತಿಲುಗಳಲ್ಲಿ ನೀರೆರೆಯುವವರಿಲ್ಲದೆಯೂ ವರ್ಷವಿಡೀ ಹೂಬಿಡುವಂಥದು. ನಮ್ಮದೇ ಎಂಬಂತೆ ಕಂಡರೂ ಇದರ ತವರು ಮಡಗಾಸ್ಕರ್ ದ್ವೀಪ. ಚರಕ ಸುಶ್ರುತರು ಕಂಡ ಗಿಡವಲ್ಲ. ಉಷ್ಣವಲಯದ ಹಲವು ನಾಡುಗಳಲ್ಲಿ ಜನರು ಇದರ ಎಲೆಯ ಕಷಾಯವನ್ನು ಮಧುಮೇಹಕ್ಕೆ ಕುಡಿಯುತ್ತಿದ್ದರು. ೧೯೫೨ರಲ್ಲಿ ಜಮೈಕಾ ದ್ವೀಪದಿಂದ ಈ ಎಲೆಗಳು ಕೆನಡಾದ ವೈದ್ಯ ಕ್ಲಾರ್ಕ್ ನೋಬಲರ ಕೈಸೇರಿದವು. ಅವರು ಅವನ್ನು ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದಲ್ಲಿ ಸಂಶೋಧಕರಾಗಿದ್ದ ತಮ್ಮ ಸಹೋದರ ರಾಬರ್ಟ್ ನೋಬಲರಿಗೆ ಕಳುಹಿಸಿದರು. ಇಲಿಗಳಿಗೆ ಎಲೆಯ ಸಾರವನ್ನು ಕುಡಿಸಿದಾಗ ರಕ್ತದ ಸಕ್ಕರೆಯಲ್ಲಿ ವ್ಯತ್ಯಾಸವೇನೂ ತೋರಲಿಲ್ಲ. ಪರಂಪರೆಯ ಮಾತು ಅಲ್ಲಿಗೆ ಸುಳ್ಳಾಯಿತು. ಚುಚ್ಚಿ ಕೊಟ್ಟು ನೋಡಿದಾಗ ಕೆಲವು ದಿನಗಳಲ್ಲಿಯೇ ಇಲಿಗಳು ಸತ್ತವು. ಕೊಯ್ದು ನೋಡಿದರೆ ದೇಹದೊಳಗೆ ಕೀವುಗಟ್ಟಿದ ಹುಣ್ಣುಗಳು. ಸಾರದಲ್ಲಿದ್ದ ಯಾವುದೋ ವಸ್ತು ಇಲಿಗಳ ಅಸ್ಥಿಮಜ್ಜೆಯನ್ನು ಕುಂದಿಸಿ, ಬಿಳಿಯ ರಕ್ತಕಣಗಳನ್ನು ಇಳಿಸಿಬಿಟ್ಟಿತ್ತು. ಸಾಮಾನ್ಯ ಸೋಂಕನ್ನೂ ತಡೆಯಲಾರದೆ ಅವು ಸತ್ತಿದ್ದವು.

ಸೋತ ಪ್ರಯೋಗವೆಂದು ಟಿಪ್ಪಣಿ ಬರೆದು ಕೈತೊಳೆಯಬಹುದಾಗಿತ್ತು. ನೋಬಲರೂ ರಸಾಯನಶಾಸ್ತ್ರಜ್ಞ ಚಾರ್ಲ್ಸ್ ಬಿಯರರೂ ಹಾಗೆ ಮಾಡಲಿಲ್ಲ. ಬಿಳಿಯ ಕಣಗಳನ್ನು ಕುಗ್ಗಿಸುವ ವಸ್ತು, ಬಿಳಿಯ ಕಣಗಳೇ ಕಡಿವಾಣವಿಲ್ಲದೆ ಹೆಚ್ಚುವ ರೋಗದಲ್ಲಿ ಉಪಯೋಗಕ್ಕೆ ಬಾರದೆ ಎಂದು ಯೋಚಿಸಿ ಅದನ್ನು ಬೇರ್ಪಡಿಸಿದರು. ೧೯೫೮ರಲ್ಲಿ ಇದು ವಿದ್ವಾಂಸರ ಮುಂದೆ ಬಂದಿತು. ಅಮೆರಿಕದ ಲಿಲಿ ಸಂಸ್ಥೆಯವರೂ ಅದೇ ಗಿಡವನ್ನು ಪರಿಶೀಲಿಸುತ್ತಿದ್ದರು. ಹೀಗೆ ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಎಂಬ ಎರಡು ಔಷಧಗಳು ಹೊರಬಂದವು. ಎರಡನೆಯದಕ್ಕೆ ಅಮೆರಿಕದಲ್ಲಿ ೧೯೬೩ರಲ್ಲಿ ಅನುಮತಿ ದೊರೆಯಿತು. ಕೋಶವು ಇಬ್ಭಾಗವಾಗುವಾಗ ಅದರೊಳಗೆ ಹೆಣೆದುಕೊಳ್ಳುವ ಸೂಕ್ಷ್ಮವಾದ ಎಳೆಗಳನ್ನು ಕಟ್ಟಲು ಬಿಡದೆ, ವಿಭಜನೆಯನ್ನು ನಡುವೆಯೇ ನಿಲ್ಲಿಸುವುದು ಇವುಗಳ ಕೆಲಸ. ಮಕ್ಕಳ ರಕ್ತಾರ್ಬುದದ ಚಿಕಿತ್ಸೆಯಲ್ಲಿ ವಿನ್‌ಕ್ರಿಸ್ಟಿನ್ ಇಂದಿಗೂ ಮುಖ್ಯವಾದುದು. ಟನ್ನುಗಟ್ಟಲೆ ಒಣಎಲೆಯಿಂದ ಕೆಲವೇ ಗ್ರಾಂ ದೊರೆಯುವ ಈ ವಸ್ತುವನ್ನು ರಕ್ತನಾಳದ ಮೂಲಕ, ಅಳತೆ ತಪ್ಪದಂತೆ ಕೊಡಬೇಕಾಗುತ್ತದೆ. ಹಿತ್ತಿಲಿನ ಎಲೆಯನ್ನು ಕುದಿಸಿ ಕುಡಿದರೆ ಇದು ಒದಗದು. ಈ ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುವುದು ಲೇಸು.

ಪರಂಪರೆಯು ಹೇಳಿದುದು ಮಧುಮೇಹ. ಗಿಡವು ಮಾಡಿದುದು ಬೇರೆಯೇ. ನಿರೋಧಕ ಕೋಶಗಳಿಗೆ ಬಲ ತುಂಬಿದ್ದರಿಂದಲ್ಲ, ಅವುಗಳ ಬಲ ಕಳೆದದ್ದರಿಂದಲೇ ಅದು ಅರ್ಬುದದ ಔಷಧವಾಯಿತು. ಹಾಗೆಂದು ಜನಪದದ ಬಳಕೆ ನಿರರ್ಥಕವೆನ್ನುವಂತಿಲ್ಲ. ಜಮೈಕಾದ ಆ ಕಷಾಯ ಇಲ್ಲದಿದ್ದರೆ ಎಲೆ ಕೆನಡಾದ ಆ ಪ್ರಯೋಗಶಾಲೆಗೆ ಹೋಗುತ್ತಲೇ ಇರಲಿಲ್ಲ. ಮೂಲಿಕೆಯ ಮಾತೆಂದರೆ ಮೂಗು ಮುರಿಯುವ ವಿಜ್ಞಾನಪಕ್ಷಪಾತಿಗಳೂ ಇದನ್ನು ನೆನಪಿನಲ್ಲಿಡಬೇಕು. ಪರಂಪರೆ ಇಲ್ಲಿ ಸಾಕ್ಷಿಯಾಗಲಿಲ್ಲ, ಸುಳಿವಾಯಿತು. ಇವೆರಡರ ಭೇದ ಇತಿಹಾಸದ ವಿದ್ಯಾರ್ಥಿಗಳಿಗೆ ಹೊಸದಲ್ಲ: ಸ್ಥಳಪುರಾಣವು ಎಲ್ಲಿ ಅಗೆಯಬೇಕೆಂದು ತೋರಿಸಬಹುದು, ಅಗೆದಾಗ ಸಿಕ್ಕದ್ದರ ಕಾಲವನ್ನು ಅದು ಹೇಳಲಾರದು.

ಇನ್ನು 'ಬಲಪಡಿಸುವ' ಮೂಲಿಕೆಗಳ ವಿಚಾರ. ಅಶ್ವಗಂಧ, ಎಂದರೆ ಹಿರೇಮದ್ದಿನ ಗಿಡ, ಮತ್ತು ಅಮೃತಬಳ್ಳಿ ಇವೆರಡರ ಮೇಲೆ ನಮ್ಮ ದೇಶದಲ್ಲಿ ಗಣನೀಯವಾದ ಕೆಲಸ ನಡೆದಿದೆ. ಕೇರಳದ ತ್ರಿಶೂರಿನ ಅಮಲಾ ಕ್ಯಾನ್ಸರ್ ಸಂಶೋಧನ ಕೇಂದ್ರದವರು ಅಶ್ವಗಂಧದ ಬೇರಿನ ಸಾರವನ್ನು ಇಲಿಗಳಿಗೆ ಕೊಟ್ಟಾಗ ಬಿಳಿಯ ರಕ್ತಕಣಗಳೂ ಅಸ್ಥಿಮಜ್ಜೆಯ ಕೋಶಗಳೂ ಹೆಚ್ಚಿದುವೆಂದು ೨೦೦೦ದಲ್ಲಿ ಪ್ರಕಟಿಸಿದರು. ಅಮೃತಬಳ್ಳಿಯ ಬಗೆಗೂ ಅಂತಹುದೇ ಫಲಿತಾಂಶವನ್ನು ೧೯೯೯ರಲ್ಲಿ ತಿಳಿಸಿದ್ದರು. ಈ ಕಾರ್ಯವನ್ನು ಲಘುವಾಗಿ ಕಾಣುವುದು ನಮ್ಮ ಉದ್ದೇಶವಲ್ಲ. ಬಿಳಿಯ ಕಣ ಹೆಚ್ಚಿತೆಂಬುದು ಒಂದು ಸಂಗತಿ. ಆದುದರಿಂದ ಮನುಷ್ಯನ ಅರ್ಬುದ ಗುಣವಾಗುವುದೆಂಬುದು ಊಹೆ. ಇವೆರಡನ್ನೂ ಒಂದೇ ವಾಕ್ಯದಲ್ಲಿ ಸೇರಿಸಿದವರು ಸಂಶೋಧಕರಿಗಿಂತ ಹೆಚ್ಚಾಗಿ ಅವರನ್ನು ಉದ್ಧರಿಸುವವರು.

ಊಹೆಗೆ ಅಡ್ಡಬರುವ ಕಾರಣಗಳು ಹಲವು. ಗಾಜಿನ ಬಟ್ಟಲಿನಲ್ಲಿ ಕೋಶಗಳ ಮೇಲೆ ಸುರಿದ ಸಾರವು ಜಠರವನ್ನೂ ಯಕೃತ್ತನ್ನೂ ದಾಟಿ ಬಂದದ್ದಲ್ಲ. ಎರಡನೆಯದಾಗಿ, ಸಾರದಲ್ಲಿರುವುದೆಲ್ಲ ಗಿಡದ್ದೇ ಆಗಿರಬೇಕೆಂಬ ನಿಯಮವೂ ಇಲ್ಲ. ಎಕಿನೇಶಿಯ ಮೊದಲಾಗಿ ನಿರೋಧಕ ಶಕ್ತಿಗೆ ಹೆಸರಾದ ಕೆಲವು ಮೂಲಿಕೆಗಳ ಸಾರವು ಬಟ್ಟಲಿನಲ್ಲಿ ಭಕ್ಷಕಕೋಶಗಳನ್ನು ಕೆರಳಿಸುವುದಕ್ಕೆ ಬಹುಪಾಲು ಕಾರಣ ಆ ಗಿಡಗಳಲ್ಲಿ ಸೇರಿಕೊಂಡಿದ್ದ ಬ್ಯಾಕ್ಟೀರಿಯಗಳ ಪದಾರ್ಥವೆಂದು ೨೦೦೮ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. ತಾಮ್ರಪಟದ ಮೇಲೆ ನಂತರದವರು ಕೊರೆದ ಅಕ್ಷರಗಳನ್ನು ಮೂಲದ್ದೆಂದು ಓದಿದ ಹಾಗೆ ಇದು. ನಮ್ಮ ಶಾಸ್ತ್ರದಲ್ಲಿಯೂ ಇಂತಹ ಅವಾಂತರಗಳು ಕಡಮೆಯಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ತೊಡಕು 'ಬಲ' ಎಂಬ ಶಬ್ದದಲ್ಲಿಯೇ ಇದೆ. ನಿರೋಧಕ ವ್ಯವಸ್ಥೆಯು ಏರಿಸಿ ಇಳಿಸಬಹುದಾದ ಒಂದು ಅಳತೆಯಲ್ಲ. ಅದರಲ್ಲಿ ಕೊಲ್ಲುವ ಕೋಶಗಳಿವೆ, ಕೊಲ್ಲುವವನ್ನು ತಡೆಯುವ ಕೋಶಗಳೂ ಇವೆ. ಭಕ್ಷಕಕೋಶಗಳೇ ಅರ್ಬುದದ ಗಡ್ಡೆಯೊಳಗೆ ಸೇರಿಕೊಂಡು ಅದಕ್ಕೆ ಹೊಸ ರಕ್ತನಾಳಗಳನ್ನು ಒದಗಿಸಿ ಬೆಳೆಸುವುದೂ ಉಂಟು. ೨೦೧೮ರಲ್ಲಿ ಜೇಮ್ಸ್ ಆಲಿಸನ್, ತಾಸುಕು ಹೊಂಜೊ ಇವರಿಗೆ ನೊಬೆಲ್ ಪಾರಿತೋಷಕ ಬಂದುದು ನಿರೋಧಕ ಕೋಶಗಳಿಗೆ ಪುಷ್ಟಿ ನೀಡಿದುದಕ್ಕಲ್ಲ. ಆ ಕೋಶಗಳ ಮೇಲಿರುವ ಸಹಜವಾದ ತಡೆಯನ್ನು ಗುರುತಿಸಿ, ಅದನ್ನು ಸಡಿಲಿಸಿದರೆ ಅವು ಅರ್ಬುದದ ಮೇಲೆ ಬೀಳುವುವೆಂದು ತೋರಿಸಿದುದಕ್ಕೆ. ಹಾಗೆ ತಡೆ ಸಡಿಲಿಸಿದಾಗ ಅದೇ ಕೋಶಗಳು ರೋಗಿಯ ಕರುಳು, ಯಕೃತ್ತು, ಶ್ವಾಸಕೋಶಗಳನ್ನೂ ಬಾಧಿಸುವುದನ್ನು ವೈದ್ಯರು ಕಾಣುತ್ತಿದ್ದಾರೆ. ರಕ್ತಾರ್ಬುದದಲ್ಲಂತೂ ಬಿಳಿಯ ಕಣದ ವಂಶವೇ ರೋಗಗ್ರಸ್ತ. ಅಲ್ಲಿ "ಬಿಳಿಯ ಕಣಗಳನ್ನು ಹೆಚ್ಚಿಸುವ ಮದ್ದು" ಎಂಬ ಹೊಗಳಿಕೆಗೆ ಏನರ್ಥ?

ಮನುಷ್ಯರಲ್ಲಿ ನಡೆದ ಪರೀಕ್ಷೆಗಳು ಏನು ಹೇಳುತ್ತವೆ? ಮಲೇಷಿಯಾದಲ್ಲಿ ಸ್ತನದ ಅರ್ಬುದವಿದ್ದ ೧೦೦ ಮಂದಿಯ ಮೇಲೆ ನಡೆದು ೨೦೧೩ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ರಾಸಾಯನಿಕ ಚಿಕಿತ್ಸೆಯ ಜೊತೆಗೆ ಅರ್ಧದಷ್ಟು ಮಂದಿಗೆ ಅಶ್ವಗಂಧದ ಬೇರಿನ ಸಾರವನ್ನು ಎಂಟು ಗಂಟೆಗೊಮ್ಮೆ ೨ ಗ್ರಾಂನಂತೆ ಕೊಡಲಾಯಿತು. ಅವರಲ್ಲಿ ಆಯಾಸ ಕಡಮೆಯಾಗಿ ದಿನಚರಿ ಸುಧಾರಿಸಿತು. ಆಯುಸ್ಸಿನಲ್ಲಿ ಖಚಿತವೆನ್ನಬಹುದಾದ ವ್ಯತ್ಯಾಸ ಸಿದ್ಧವಾಗಲಿಲ್ಲ. ಯಾರಿಗೆ ಯಾವುದನ್ನು ಕೊಟ್ಟರೆಂಬುದು ರೋಗಿಗಳಿಗೂ ವೈದ್ಯರಿಗೂ ತಿಳಿದಿದ್ದುದರಿಂದ ಆಯಾಸದ ಮಾತನ್ನೂ ಎಚ್ಚರದಿಂದಲೇ ಓದಬೇಕಾಗಿದೆ. ಆದರೂ ಇದು ಸಭ್ಯವಾದ, ಉಪಯುಕ್ತವಾದ ಕೆಲಸ. ಚಿಕಿತ್ಸೆಯ ಆಯಾಸವನ್ನು ಕಂಡವರು ಅದು ಇಳಿಯುವುದನ್ನು ಅಲ್ಪಲಾಭವೆನ್ನಲಾರರು.

ಇದಕ್ಕಿಂತ ಗಟ್ಟಿಯಾದ ನಿದರ್ಶನ ಜಪಾನಿನದು. ಒಣಮರದ ಮೇಲೆ ಬೆಳೆಯುವ, ಚೀನೀ ವೈದ್ಯದಲ್ಲಿ ಹೆಸರುಳ್ಳ ಅಣಬೆಯೊಂದರಿಂದ ತೆಗೆದ ಕ್ರೆಸ್ಟಿನ್ ಎಂಬ ವಸ್ತುವಿಗೆ ಅಲ್ಲಿ ೧೯೭೭ರಲ್ಲಿ ಅನುಮತಿ ದೊರೆತಿತ್ತು. ಜಠರದ ಅರ್ಬುದಕ್ಕೆ ಶಸ್ತ್ರಚಿಕಿತ್ಸೆಯಾದ ೨೬೨ ಮಂದಿಯನ್ನು ಎರಡು ಗುಂಪಾಗಿ ಮಾಡಿ ನಡೆಸಿದ ಪರೀಕ್ಷೆಯು ೧೯೯೪ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಕ್ರೆಸ್ಟಿನ್ ಪಡೆದವರಲ್ಲಿ ಐದು ವರ್ಷ ಬದುಕಿದವರು ಶೇಕಡ ೭೩. ಪಡೆಯದವರಲ್ಲಿ ಶೇಕಡ ೬೦. ಮೂಲಿಕೆಯ ಪಕ್ಷದವರು ಇದನ್ನು ಉದ್ಧರಿಸುವುದು ನ್ಯಾಯವೇ. ಅವರು ಬಿಟ್ಟುಬಿಡುವುದು ಒಂದೇ ಮಾತನ್ನು: ಎರಡು ಗುಂಪಿನವರಿಗೂ ಶಸ್ತ್ರಚಿಕಿತ್ಸೆಯೂ ರಾಸಾಯನಿಕ ಔಷಧವೂ ನಡೆದಿತ್ತು. ಅಣಬೆಯ ಸಾರವು ಅವುಗಳ ಜೊತೆಗೆ ಬಂದುದೇ ಹೊರತು ಅವುಗಳ ಬದಲಿಗೆ ಬಂದುದಲ್ಲ.

'ಜೊತೆಗೆ', 'ಬದಲಿಗೆ' ಎಂಬ ಈ ಎರಡು ಅವ್ಯಯಗಳ ನಡುವೆ ಜೀವಗಳು ನಿಂತಿವೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯರು ೨೦೧೮ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇನ್ನೂ ಹರಡದ ಅರ್ಬುದಕ್ಕೆ ಪರ್ಯಾಯ ಚಿಕಿತ್ಸೆಯೊಂದನ್ನೇ ಆಯ್ದುಕೊಂಡ ೨೮೧ ಮಂದಿಯನ್ನು ಸಾಧಾರಣ ಚಿಕಿತ್ಸೆ ಪಡೆದವರೊಡನೆ ಹೋಲಿಸಲಾಗಿದೆ. ಮರಣದ ಅಪಾಯ ಎರಡೂವರೆ ಪಟ್ಟು. ಸ್ತನದ ಅರ್ಬುದದಲ್ಲಿ ಐದು ಪಟ್ಟಿಗೂ ಮಿಗಿಲು. ಆ ಪರ್ಯಾಯಗಳು ನಮ್ಮ ಮೂಲಿಕೆಗಳೇ ಎಂದು ನಾವು ಹೇಳುತ್ತಿಲ್ಲ; ಅವು ಯಾವುವೆಂಬುದನ್ನು ಆ ದಾಖಲೆಗಳು ಬಿಡಿಸಿ ಹೇಳುವುದಿಲ್ಲ. ಬಿಟ್ಟ ಚಿಕಿತ್ಸೆಯ ಬೆಲೆಯನ್ನು ಮಾತ್ರ ಅವು ಹೇಳುತ್ತವೆ.

ಅಮೃತಬಳ್ಳಿಯ ಬಗೆಗೆ ನಮ್ಮಲ್ಲಿಯೇ ಇನ್ನೊಂದು ಸಂಗತಿ ಬೆಳಕಿಗೆ ಬಂದಿದೆ. ಕೋವಿಡ್ ಕಾಲದಲ್ಲಿ ನಿರೋಧಕ ಶಕ್ತಿಗಾಗಿ ಅದನ್ನು ಸೇವಿಸಿದವರಲ್ಲಿ ಕೆಲವರಿಗೆ ಯಕೃತ್ತಿಗೆ ಹಾನಿಯಾದುದನ್ನು ಮುಂಬಯಿಯ ವೈದ್ಯರು ೨೦೨೧ರಲ್ಲಿ ವರದಿಮಾಡಿದರು; ಮರುವರ್ಷ ದೇಶದ ಹಲವು ಆಸ್ಪತ್ರೆಗಳಿಂದ ಕೂಡಿಸಿದ ೪೩ ರೋಗಿಗಳ ವಿವರ ಪ್ರಕಟವಾಯಿತು. ಅನೇಕರಲ್ಲಿ ಕಂಡುಬಂದುದು ದೇಹದ ನಿರೋಧಕ ಕೋಶಗಳೇ ಯಕೃತ್ತನ್ನು ಬಾಧಿಸುವ ಲಕ್ಷಣ. ಕೇಂದ್ರ ಸರ್ಕಾರದ ಆಯುಷ್ ಮಂತ್ರಾಲಯವು ಮೊದಲ ವರದಿಯನ್ನು ಒಪ್ಪದೆ, ಬಳಸಿದ ಬಳ್ಳಿಯ ಜಾತಿಯನ್ನು ಸರಿಯಾಗಿ ಗುರುತಿಸಿಲ್ಲವೆಂದು ಆಕ್ಷೇಪಿಸಿತು. ಆಕ್ಷೇಪವು ವಿಚಾರಾರ್ಹವೇ, ಒಂದೇ ಹೆಸರಿನಲ್ಲಿ ಎರಡು ಬಳ್ಳಿಗಳು ಪೇಟೆಯಲ್ಲಿ ಮಾರಾಟವಾಗುವುದುಂಟು. ಆದರೆ ಕೊಳ್ಳುವವನು ಅವೆರಡನ್ನು ಹೇಗೆ ತಿಳಿದಾನು? 'ಬಲಪಡಿಸುತ್ತದೆ' ಎಂಬ ಮಾತು ನಿಜವಾದಲ್ಲಿ ಅದು ನಿರಪಾಯವೂ ಆಗಿರಬೇಕೆಂಬ ಭ್ರಮೆ ಇಲ್ಲಿ ಒಡೆಯುತ್ತದೆ.

ನಮ್ಮ ನಾಡಿನ ಹಳೆಯ ವೈದ್ಯಗ್ರಂಥಕಾರರು ಈ ವಿಷಯದಲ್ಲಿ ಈಗಿನ ಪುಸ್ತಿಕಾಕಾರರಿಗಿಂತ ಹೊಣೆಯರಿತವರಾಗಿದ್ದರೆಂದು ತೋರುತ್ತದೆ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ 'ಕಲ್ಯಾಣಕಾರಕ'ವನ್ನು ಕನ್ನಡಿಸಿದನು. ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷಚಿಕಿತ್ಸೆಯೊಂದನ್ನೇ ಹಿಡಿದು 'ಖಗೇಂದ್ರಮಣಿದರ್ಪಣ'ವನ್ನು ರಚಿಸಿದನು. ಮೂಲಿಕೆಯು ವಿಷವೂ ಆಗಬಲ್ಲುದೆಂಬ ಅರಿವು ಇವರ ಪರಂಪರೆಯಲ್ಲಿ ಸಹಜವಾಗಿತ್ತು. "ಗಿಡಮೂಲಿಕೆಯಾದುದರಿಂದ ಅಡ್ಡಪರಿಣಾಮವಿಲ್ಲ" ಎಂಬ ವಾಕ್ಯವನ್ನು ವಿಷವೈದ್ಯನೊಬ್ಬನ ಮುಂದೆ ಆಡಿದ್ದರೆ ಅವನು ನಕ್ಕುಬಿಡುತ್ತಿದ್ದನು.

ಆ ವಿದ್ಯಾರ್ಥಿಗೆ ನಾವು ಇಷ್ಟನ್ನೆಲ್ಲ ಒಂದೇ ದಿನ ಹೇಳಲಿಲ್ಲ; ನಮಗೂ ಇದು ಓದುತ್ತ ಓದುತ್ತ ತಿಳಿದುದು. ಕಷಾಯದ ಸೀಸೆಯನ್ನು ಮುಚ್ಚಿಡದೆ ತಾಯಿಯ ವೈದ್ಯರಿಗೆ ತೋರಿಸುವಂತೆ ಮಾತ್ರ ಮೊದಲು ಹೇಳಿದೆವು. ಅವರು ಗದರಲಿಲ್ಲವಂತೆ. ಯಕೃತ್ತಿನ ಪರೀಕ್ಷೆ ಮಾಡಿಸಿ, ಔಷಧೋಪಚಾರ ಮುಗಿಯುವತನಕ ಕಷಾಯ ಬೇಡವೆಂದರು. ಹಿರಿಯರು ಒಪ್ಪಲು ಎರಡು ವಾರ ಹಿಡಿಯಿತು. ಉಪಚಾರ ಈಗ ಮುಗಿದಿದೆ. ಕಿರುಹೊತ್ತಗೆ ನಮ್ಮ ಮೇಜಿನ ಮೇಲೆಯೇ ಉಳಿದಿದೆ. ಇಲಿಯ ಪ್ರಯೋಗದ ಪುಟದ ಅಂಚಿನಲ್ಲಿ ಆತನು ಸೀಸದಕಡ್ಡಿಯಿಂದ ಬರೆದ ಪ್ರಶ್ನೆಗಳಿವೆ: ಎಷ್ಟು ಇಲಿ? ಎಷ್ಟು ದಿನ? ಬಾಯಿಂದಲೋ ಚುಚ್ಚಿಯೋ? ಬರೆದವರು ಯಾರು?